ಹಲವು ದೇಶಗಳ ವಿಳಾಸಗಳಿಗೆ ಒಂದು ಲೇಬಲ್ ತಂತ್ರಾಂಶ: ದುರಸ್ತಿಯ ದಾಖಲೆ

ಹಲವು ದೇಶಗಳ ಚಂದಾದಾರರಿಗೆ ಅಂಚೆಯಲ್ಲಿ ಹೋಗುವ ನಿಯತಕಾಲಿಕೆಯೊಂದರ ವಿಳಾಸಪಟ್ಟಿಯನ್ನು ಇಟ್ಟುಕೊಂಡು, ಪ್ರತಿ ಸಂಚಿಕೆಗೂ ಲೇಬಲ್‌ಗಳನ್ನು ಅಚ್ಚುಮಾಡಿಕೊಡುವ ಹಳೆಯ ತಂತ್ರಾಂಶದ ದುರಸ್ತಿಯನ್ನು ನಾನು ವಹಿಸಿಕೊಂಡೆ. ಅದರಲ್ಲಿ ಎಲ್ಲ ದೇಶಗಳಿಗೂ ಒಂದೇ ನಮೂನೆ ಇತ್ತು: ಮೊದಲ ಹೆಸರು, ಕೊನೆಯ ಹೆಸರು, ಮನೆ ಸಂಖ್ಯೆ, ಬೀದಿ, ನಗರ, ರಾಜ್ಯ, ಅಂಚೆ ಕೋಡ್, ದೇಶ. ಈ ಎಂಟೂ ಕಡ್ಡಾಯವಾಗಿದ್ದವು, ಅಚ್ಚಾಗುವುದೂ ಅದೇ ಕ್ರಮದಲ್ಲಿ. ಆ ಕ್ರಮಕ್ಕೆ ಒಗ್ಗುವ ದೇಶಗಳಿಗೆ ಲಕೋಟೆಗಳು ಸುಸೂತ್ರವಾಗಿ ಹೋಗುತ್ತಿದ್ದವು. ಉಳಿದ ಕಡೆಗಳಿಗೆ ಹೋದವು ತಡವಾಗಿ ತಲುಪುತ್ತಿದ್ದವು, ಇಲ್ಲವೇ ಮರಳಿ ಬರುತ್ತಿದ್ದವು.

ಕೆಲಸ ಆರಂಭಿಸುವ ಮುನ್ನ ಒಂದು ನಿಯಮವನ್ನು ಗೊತ್ತುಮಾಡಿಕೊಂಡೆ. ತನ್ನ ವಿಳಾಸವನ್ನು ಹೇಗೆ ಬರೆಯಬೇಕೆಂಬುದು ಅಲ್ಲಿ ವಾಸಿಸುವವರಿಗೆ ತಂತ್ರಾಂಶಕ್ಕಿಂತ ಚೆನ್ನಾಗಿ ತಿಳಿದಿರುತ್ತದೆ. ಆದುದರಿಂದ ಅವರು ಬರೆದುಕೊಟ್ಟ ಮೂಲಪಾಠವನ್ನು ಯಾವ ಹಂತದಲ್ಲಿಯೂ ಅಳಿಸಕೂಡದು. ತಿದ್ದಿದ ರೂಪವು ಬೇರೆ ಕಾಲಂನಲ್ಲಿ ಇರಬೇಕು, ತಿದ್ದಿದ ಕಾರಣವೂ ಅದರ ಪಕ್ಕದಲ್ಲಿ ದಾಖಲಾಗಬೇಕು. ಮುಂದಿನ ಪ್ರತಿಯೊಂದು ನಿರ್ಧಾರವೂ ಈ ನಿಯಮವನ್ನು ಆಧರಿಸಿದೆ.

ಮೊದಲು ದತ್ತಾಂಶ

ಪಟ್ಟಿಯು ವರ್ಷಗಳ ಕಾಲ ಎಕ್ಸೆಲ್ ಮತ್ತು ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತಗಳ ನಡುವೆ ಓಡಾಡಿತ್ತು. ಇಂಥ ಪಟ್ಟಿಗಳಲ್ಲಿ ಮೊದಲು ಹುಡುಕಬೇಕಾದದ್ದು, ಕೋಡ್ ಅನ್ನು ಸಂಖ್ಯೆಯೆಂದು ಓದಿದಾಗ ಎಡದಿಂದ ಬಿದ್ದುಹೋದ ಸೊನ್ನೆಗಳನ್ನು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನ 02139 ಎಂಬ ಕೋಡ್ 2139 ಆಗಿರುತ್ತದೆ, ಆಸ್ಟ್ರೇಲಿಯಾದ ಡಾರ್ವಿನ್‌ನ 0800 ಬರಿಯ 800 ಆಗಿರುತ್ತದೆ, ವ್ಯಾಟಿಕನ್‌ನ 00120 ಎಂಬುದು 120 ಎಂದು ಉಳಿದಿರುತ್ತದೆ. ದೇಶ ಯಾವುದೆಂದು ಖಚಿತವಾಗಿದ್ದರೆ ಈ ನಷ್ಟವನ್ನು ಸರಿಪಡಿಸಬಹುದು. ಅಮೆರಿಕದ ಕೋಡ್‌ಗೆ ಐದು ಅಂಕಿಗಳು ಇರಲೇಬೇಕಾದ್ದರಿಂದ, ನಾಲ್ಕೇ ಇದ್ದರೆ ಎಡಕ್ಕೆ ಸೊನ್ನೆ ಸೇರಿಸುವುದು ತಕ್ಕಮಟ್ಟಿಗೆ ನಿರಪಾಯಕರ. ಆದರೆ 2139 ಎಂಬುದು ಆಸ್ಟ್ರೇಲಿಯಾ, ಸ್ವಿಟ್ಜರ್ಲೆಂಡ್, ಬೆಲ್ಜಿಯಂ, ಆಸ್ಟ್ರಿಯಾ, ಡೆನ್ಮಾರ್ಕ್ ಈ ಎಲ್ಲ ದೇಶಗಳ ಕೋಡ್‌ಗಳ ರೂಪಕ್ಕೂ ಹೊಂದುತ್ತದೆ. ದೇಶದ ಕಾಲಂ ತಪ್ಪಾಗಿದ್ದರೆ ಈ ತಿದ್ದುಪಡಿಯೂ ತಪ್ಪುತ್ತದೆ.

ಅದಕ್ಕಿಂತ ಕಠಿಣವಾದದ್ದು ದಿನಾಂಕಗಳ ಸಮಸ್ಯೆ. ಜಪಾನಿನ ವಿಳಾಸಗಳಲ್ಲಿ ಬೀದಿಯ ಹೆಸರಿಗೆ ಬದಲಾಗಿ ಪ್ರದೇಶ, ಬ್ಲಾಕ್ ಮತ್ತು ಕಟ್ಟಡಗಳ ಸಂಖ್ಯೆಗಳು ಬರುತ್ತವೆ. ಅವನ್ನು 2-8-1 ಎಂಬಂತೆ ಕಿರುಗೆರೆ ಹಾಕಿ ಬರೆಯುವುದು ರೂಢಿ. ಈ ಭಾಗವು ತಾನೇ ಒಂದು ಕಾಲಂನಲ್ಲಿ ಬಂದರೆ ಎಕ್ಸೆಲ್ ಅದನ್ನು ದಿನಾಂಕವೆಂದು ತಿಳಿದುಕೊಳ್ಳುತ್ತದೆ. ಯಂತ್ರದ ಪ್ರಾದೇಶಿಕ ವ್ಯವಸ್ಥೆಯು ದಿನವನ್ನು ಮೊದಲು ಓದುವಂಥದ್ದಾಗಿದ್ದರೆ ಅದು 2001ರ ಆಗಸ್ಟ್ 2 ಆಗುತ್ತದೆ, ತಿಂಗಳನ್ನು ಮೊದಲು ಓದುವಂಥದ್ದಾಗಿದ್ದರೆ 2001ರ ಫೆಬ್ರವರಿ 8 ಆಗುತ್ತದೆ. ಕಡತವು ಯಾವ ಯಂತ್ರದಲ್ಲಿ ತೆರೆಯಲ್ಪಟ್ಟಿತ್ತೆಂಬುದು ತಿಳಿಯದಿದ್ದರೆ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. 3/15 ಎಂಬ ಮನೆ ಸಂಖ್ಯೆಯದೂ ಇದೇ ಗತಿ. ಇಂಥ ಸಾಲುಗಳನ್ನು ಊಹೆಯಿಂದ ತಿದ್ದುವ ಗೋಜಿಗೆ ನಾನು ಹೋಗಲಿಲ್ಲ. ಚಂದಾದಾರರು ತಾವೇ ತುಂಬಿ ಕಳಿಸಿದ್ದ ಮೂಲ ನಮೂನೆಗಳನ್ನು ತೆಗೆಸಿ, ಅವುಗಳಿಂದ ಮರಳಿ ನಮೂದಿಸಿದೆ. ಹೊಸ ತಂತ್ರಾಂಶದ ಆಮದು ಭಾಗದಲ್ಲಿ ಪ್ರತಿಯೊಂದು ಕಾಲಂ ಅನ್ನೂ, ಅಂಕಿಗಳಷ್ಟೇ ಇರುವ ಕಾಲಂಗಳನ್ನೂ ಸೇರಿಸಿ, ಪಠ್ಯವಾಗಿಯೇ ಓದುವ ಕಟ್ಟುಪಾಡನ್ನು ಹಾಕಿದ್ದೇನೆ. ಅಂಚೆ ಕೋಡ್ ಅನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅದನ್ನು ಸಂಖ್ಯೆಯಾಗಿ ಸಂಗ್ರಹಿಸಲು ಯಾವ ಕಾರಣವೂ ಇಲ್ಲ.

ದೇಶದ ಕಾಲಂನಲ್ಲಿ ಎರಡಕ್ಷರದ ಸಂಕೇತಗಳಿದ್ದವು. ದೇಶಗಳಿಗೆ ಸಂಕೇತಗಳನ್ನು ಗೊತ್ತುಮಾಡುವ ಐಎಸ್‌ಒ 3166 ಎಂಬ ಅಂತರರಾಷ್ಟ್ರೀಯ ಮಾನದಂಡದ ಸಂಕೇತಗಳನ್ನು ಬಳಸುವುದು ಒಳ್ಳೆಯದೇ. ಆದರೆ ಅಮೆರಿಕದ ರಾಜ್ಯಗಳಿಗೂ ಎರಡಕ್ಷರದ ಸಂಕೇತಗಳಿವೆ: ಸಿಎ ಎಂಬುದು ಕೆನಡಾವೂ ಹೌದು ಕ್ಯಾಲಿಫೋರ್ನಿಯಾವೂ ಹೌದು, ಡಿಇ ಎಂಬುದು ಜರ್ಮನಿಯೂ ಹೌದು ಡೆಲವೇರ್ ಕೂಡ ಹೌದು, ಐಎನ್ ಎಂಬುದು ಭಾರತವೂ ಹೌದು ಇಂಡಿಯಾನವೂ ಹೌದು. ಒಂದು ಕಾಲಂ ಪಕ್ಕಕ್ಕೆ ಸರಿದ ಸಾಲುಗಳಲ್ಲಿ ರಾಜ್ಯದ ಸಂಕೇತವು ದೇಶದ ಜಾಗದಲ್ಲಿ ಕುಳಿತು, ಯಾವ ಆಕ್ಷೇಪವೂ ಬಾರದೆ ಒಪ್ಪಿಗೆಯಾಗಿತ್ತು. ದೇಶದ ಸಂಕೇತವನ್ನು ಅಂಚೆ ಕೋಡ್‌ನ ರೂಪದೊಡನೆ ಹೋಲಿಸಿ ನೋಡಿದಾಗ ಇವುಗಳಲ್ಲಿ ಬಹುಪಾಲು ತಾವಾಗಿಯೇ ಹೊರಬಂದವು, ಏಕೆಂದರೆ ಕೆನಡಾದ ಕೋಡ್‌ನಲ್ಲಿ ಅಕ್ಷರ ಮತ್ತು ಅಂಕಿಗಳು ಒಂದು ಬಿಟ್ಟು ಒಂದರಂತೆ ಬರುತ್ತವೆ. ಐದು ಅಂಕಿಗಳ ಕೋಡ್ ಅಲ್ಲಿ ಇರಲು ಸಾಧ್ಯವಿಲ್ಲ. ಡೆಲವೇರ್ ಮತ್ತು ಜರ್ಮನಿಗಳ ವಿಷಯದಲ್ಲಿ ಎರಡೂ ಕಡೆ ಐದು ಅಂಕಿಗಳೇ ಇರುವುದರಿಂದ ಊರಿನ ಹೆಸರನ್ನು ಕಣ್ಣಿನಿಂದಲೇ ನೋಡಬೇಕಾಯಿತು.

ಏನನ್ನು ಬಿಡಿಸಬೇಕು, ಏನನ್ನು ಒಟ್ಟಾಗಿ ಇಡಬೇಕು

ಹೊಸ ದಾಖಲೆಯಲ್ಲಿ ಹೆಸರಿಗೆ ಒಂದೇ ಕಾಲಂ ಇದೆ. ಕುಟುಂಬದ ಹೆಸರು ಮೊದಲು ಬರುವ ದೇಶಗಳಿವೆ, ಐಸ್‌ಲೆಂಡ್‌ನಂತೆ ಕುಟುಂಬದ ಹೆಸರಿನ ಬದಲು ತಂದೆಯ ಅಥವಾ ತಾಯಿಯ ಹೆಸರಿನಿಂದ ಬಂದ ಹೆಸರನ್ನು ಬಳಸುವ ದೇಶಗಳಿವೆ, ಒಂದೇ ಹೆಸರಿನವರು ಎಲ್ಲೆಡೆ ಇದ್ದಾರೆ. ಲಕೋಟೆಯ ಮೇಲೆ ಹೆಸರು ಹೇಗೆ ಬರಬೇಕೋ ಹಾಗೆಯೇ ಬರೆದುಕೊಂಡರೆ ಸಾಕು.

ಮನೆ ಸಂಖ್ಯೆ ಮತ್ತು ಬೀದಿಯನ್ನು ಬೇರ್ಪಡಿಸಿದ್ದುದೇ ಹಳೆಯ ನಮೂನೆಯ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ. ಫ್ರಾನ್ಸ್‌ನಲ್ಲಿ ಸಂಖ್ಯೆ ಬೀದಿಯ ಹೆಸರಿಗಿಂತ ಮೊದಲು ಬರುತ್ತದೆ, ಜರ್ಮನಿಯಲ್ಲಿ ನಂತರ ಬರುತ್ತದೆ. ಜರ್ಮನಿಯ ಮಾನ್‌ಹೈಮ್ ನಗರದ ನಡುಭಾಗದಲ್ಲಿ ಬೀದಿಗಳಿಗೆ ಹೆಸರಿನ ಬದಲು ಚೌಕಗಳಿಗೆ ಅಕ್ಷರ ಮತ್ತು ಅಂಕಿ ಇವೆ. ಅಲ್ಲಿನ ವಿಳಾಸವು ಕ್ಯೂ 5, 14 ಎಂಬಂತೆ ಇರುತ್ತದೆ. ಬ್ರಿಟನ್ನಿನ ಹಳ್ಳಿಗಳಲ್ಲಿ ಸಂಖ್ಯೆಯೇ ಇಲ್ಲದೆ ಹೆಸರು ಮಾತ್ರ ಇರುವ ಮನೆಗಳಿವೆ. ಕೋಸ್ಟರೀಕಾದಲ್ಲಿ ಗುರುತಿನ ಕಟ್ಟಡವೊಂದರಿಂದ ಇಷ್ಟು ಮೀಟರ್ ಉತ್ತರಕ್ಕೆ, ಇಷ್ಟು ಮೀಟರ್ ಪೂರ್ವಕ್ಕೆ ಎಂದು ವಿವರಿಸುವ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಹಾಗಾಗಿ ಬೀದಿಯ ಮಟ್ಟದ ವಿವರಗಳಿಗೆ ಮೂರು ಖಾಲಿ ಸಾಲುಗಳನ್ನು ಕೊಟ್ಟು, ಒಳಗೆ ಏನನ್ನು ಬರೆದರೂ ಒಪ್ಪಿಕೊಳ್ಳುವಂತೆ ಮಾಡಿದೆ. ಓರೆಗೆರೆಯನ್ನು ತೆಗೆದುಹಾಕುತ್ತಿದ್ದ ಹಳೆಯ ಶುದ್ಧೀಕರಣದ ಸಾಲುಗಳನ್ನೂ ಅಳಿಸಿದೆ: ಆಸ್ಟ್ರೇಲಿಯಾದಲ್ಲಿ 3/15 ಎಂದರೆ ಹದಿನೈದನೆಯ ಸಂಖ್ಯೆಯ ಕಟ್ಟಡದ ಮೂರನೆಯ ಮನೆ, ಪೋಲೆಂಡಿನಲ್ಲಿ ಮೂರನೆಯ ಸಂಖ್ಯೆಯ ಕಟ್ಟಡದ ಹದಿನೈದನೆಯ ಮನೆ. ಅಂಚೆಯವರಿಗೆ ಅದು ಸ್ಪಷ್ಟ. ಅರ್ಥವನ್ನು ತಂತ್ರಾಂಶ ತಿಳಿದುಕೊಳ್ಳಬೇಕಾದ ಅಗತ್ಯವಿಲ್ಲ, ಗೆರೆಯನ್ನು ಅಲ್ಲೇ ಬಿಟ್ಟರೆ ಸಾಕು.

ಬಡಾವಣೆ, ನಗರ, ಪ್ರಾಂತ್ಯ, ಅಂಚೆ ಕೋಡ್, ದೇಶ ಇವು ಮಾತ್ರ ಬೇರೆ ಬೇರೆ ಕಾಲಂಗಳಲ್ಲಿವೆ. ಇವುಗಳ ಕ್ರಮವು ದೇಶದಿಂದ ದೇಶಕ್ಕೆ ಬದಲಾಗುವುದರಿಂದಲೂ, ಇವನ್ನು ಪರಸ್ಪರ ಹೋಲಿಸಿ ಪರೀಕ್ಷಿಸಬೇಕಾದುದರಿಂದಲೂ ಬಿಡಿಸಿ ಇಡುವುದು ಅಗತ್ಯ. ಫ್ರಾನ್ಸ್‌ಗಾಗಿ ಇನ್ನೊಂದು ಕಾಲಂ ಸೇರಿಸಬೇಕಾಯಿತು: ಹೆಚ್ಚು ಟಪಾಲು ಪಡೆಯುವ ಸಂಸ್ಥೆಗಳ ವಿಳಾಸದಲ್ಲಿ ಊರಿನ ಹೆಸರಿನ ನಂತರ ಸೆಡೆಕ್ಸ್ ಎಂಬ ಗುರುತು, ಕೆಲವೊಮ್ಮೆ ಅದರೊಡನೆ ಒಂದು ಸಂಖ್ಯೆಯೂ ಬರುತ್ತದೆ, ಅದನ್ನು ಕೈಬಿಡುವಂತಿಲ್ಲ.

ಟೆಂಪ್ಲೇಟುಗಳು

ವಿಶ್ವ ಅಂಚೆ ಒಕ್ಕೂಟವು 1874ರಲ್ಲಿ ಸ್ಥಾಪನೆಯಾದ, ಬರ್ನ್ ನಗರದಲ್ಲಿ ಕೇಂದ್ರ ಕಚೇರಿ ಇರುವ ಸಂಸ್ಥೆ. ವಿಳಾಸದ ಘಟಕಗಳನ್ನೂ ದೇಶವಾರು ಟೆಂಪ್ಲೇಟುಗಳನ್ನೂ (ಯಾವ ಭಾಗ ಯಾವ ಸಾಲಿನಲ್ಲಿ ಬರಬೇಕೆಂಬ ಮಾದರಿಗಳನ್ನೂ) ವಿವರಿಸುವ ಅದರ ಮಾನದಂಡದ ಹೆಸರು ಎಸ್42. ಕೂಡಲೇ ಬಳಸಬಹುದಾದ ಮುಕ್ತ ದತ್ತಾಂಶ ಬೇಕಿದ್ದರಿಂದ ನಾನು ಗೂಗಲ್‌ನ ಲಿಬ್‌ಅಡ್ರೆಸ್‌ಇನ್‌ಪುಟ್ ಯೋಜನೆಯ ದೇಶವಾರು ವಿವರಗಳನ್ನು ಆಧಾರವಾಗಿ ತೆಗೆದುಕೊಂಡೆ. ಅದರಲ್ಲಿ ಪ್ರತಿ ದೇಶಕ್ಕೂ ಸಾಲುಗಳ ಕ್ರಮ, ಕಡ್ಡಾಯ ಭಾಗಗಳು, ದೊಡ್ಡಕ್ಷರದಲ್ಲಿ ಬರಬೇಕಾದ ಭಾಗಗಳು ಮತ್ತು ಕೋಡ್‌ನ ರೂಪ ಇವೆಲ್ಲವೂ ಇವೆ.

ಅಮೆರಿಕದ ಕೊನೆಯ ಸಾಲಿನಲ್ಲಿ ನಗರ, ರಾಜ್ಯ, ಕೋಡ್ ಈ ಕ್ರಮದಲ್ಲಿ ಬರುತ್ತವೆ. ಜರ್ಮನಿಯಲ್ಲಿ ಕೋಡ್ ಮೊದಲು, ಊರು ನಂತರ, ರಾಜ್ಯದ ಹೆಸರು ಬೇಕಿಲ್ಲ. ಬ್ರಿಟನ್ನಿನಲ್ಲಿ ಅಂಚೆ ಪಟ್ಟಣದ ಹೆಸರು ಒಂದು ಸಾಲಿನಲ್ಲಿ, ಕೋಡ್ ಅದರ ಕೆಳಗೆ ತನ್ನದೇ ಸಾಲಿನಲ್ಲಿ. ಹಂಗೆರಿಯಲ್ಲಿ ಹೆಸರಿನ ನಂತರ ಊರು, ಅದರ ಕೆಳಗೆ ಬೀದಿ, ಕೊನೆಗೆ ಕೋಡ್. ಒಂದೇ ಕ್ರಮಕ್ಕೆ ಒಗ್ಗಿದ ಕಣ್ಣಿಗೆ ಇದು ತಪ್ಪಾಗಿ ಕಂಡೀತು, ತಿದ್ದಲು ಹೋಗಬಾರದು. ಜಪಾನೀ ಲಿಪಿಯಲ್ಲಿ ಬರೆದಾಗ ಕೋಡ್‌ನಿಂದ ಆರಂಭಿಸಿ ಪ್ರಾಂತ್ಯ, ನಗರ, ಬ್ಲಾಕ್ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿದು ಕೊನೆಗೆ ವ್ಯಕ್ತಿಯ ಹೆಸರು ಬರುತ್ತದೆ. ಅದೇ ವಿಳಾಸವನ್ನು ರೋಮನ್ ಲಿಪಿಯಲ್ಲಿ ಬರೆದರೆ ಕ್ರಮ ತಿರುವುಮುರುವಾಗುತ್ತದೆ. ಆದ್ದರಿಂದ ಜಪಾನ್, ಚೀನಾ, ಕೊರಿಯಾಗಳಿಗೆ ಎರಡೆರಡು ಟೆಂಪ್ಲೇಟುಗಳಿವೆ, ಯಾವುದನ್ನು ಬಳಸಬೇಕೆಂಬುದನ್ನು ದೇಶದ ಜೊತೆಗೆ ವಿಳಾಸದ ಲಿಪಿಯನ್ನೂ ನೋಡಿ ನಿರ್ಧರಿಸಬೇಕು.

ಟೆಂಪ್ಲೇಟನ್ನು ತುಂಬುವ ಪ್ರೋಗ್ರಾಂ ಭಾಗವು ಸರಳವಾಗಿ ಕಂಡರೂ ಖಾಲಿ ಕಾಲಂಗಳು ಬಂದಾಗ ತೊಡಕಾಗುತ್ತದೆ. ರಾಜ್ಯದ ಕಾಲಂ ಖಾಲಿಯಿದ್ದರೆ ನಗರದ ಹೆಸರಿನ ಮುಂದೆ ಅಲ್ಪವಿರಾಮವೊಂದು ಒಂಟಿಯಾಗಿ ಉಳಿಯುತ್ತಿತ್ತು, ಸಂಸ್ಥೆಯ ಹೆಸರಿಲ್ಲದಿದ್ದರೆ ನಡುವೆ ಖಾಲಿ ಸಾಲು ಬರುತ್ತಿತ್ತು. ಈಗ ಪ್ರತಿಯೊಂದು ಚಿಹ್ನೆಯನ್ನೂ ಅದರ ಎಡಬಲಗಳ ಭಾಗಗಳಿಗೆ ಕಟ್ಟಿದ್ದೇನೆ: ಎರಡೂ ಭಾಗಗಳಿದ್ದರೆ ಮಾತ್ರ ಚಿಹ್ನೆ ಅಚ್ಚಾಗುತ್ತದೆ. ಖಾಲಿ ಸಾಲುಗಳನ್ನು ಕೊನೆಯಲ್ಲಿ ತೆಗೆಯಲಾಗುತ್ತದೆ.

ದೇಶದ ಹೆಸರು ಕೊನೆಯ ಸಾಲಿನಲ್ಲಿ, ಒಂಟಿಯಾಗಿ, ದೊಡ್ಡಕ್ಷರಗಳಲ್ಲಿ ಬರುತ್ತದೆ. ಆ ಸಾಲನ್ನು ಮೊದಲು ಓದುವವರು ಕಳುಹಿಸುವ ದೇಶದ ವಿಂಗಡಣೆಯವರು. ಆದ್ದರಿಂದ ಅದು ಅವರ ಭಾಷೆಯಲ್ಲಿ ಅಥವಾ ಅಂತರರಾಷ್ಟ್ರೀಯವಾಗಿ ತಿಳಿದಿರುವ ಭಾಷೆಯಲ್ಲಿ ಇರಬೇಕು. ಉಳಿದ ಸಾಲುಗಳನ್ನು ಓದುವವರು ತಲುಪುವ ದೇಶದ ಬಟವಾಡೆಯವರು. ಈ ವಿಭಜನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಲಿಪಿಯ ಪ್ರಶ್ನೆಯೂ ಬಗೆಹರಿಯುತ್ತದೆ: ವಿಳಾಸವನ್ನು ಆ ದೇಶದ ಲಿಪಿಯಲ್ಲೇ ಬಿಟ್ಟು, ಊರು ಮತ್ತು ದೇಶದ ಹೆಸರುಗಳನ್ನು ರೋಮನ್ ಲಿಪಿಯಲ್ಲಿಯೂ ಕೊಡುವುದು ಸುರಕ್ಷಿತ. ಹಳೆಯ ತಂತ್ರಾಂಶವು ಎಲ್ಲವನ್ನೂ ರೋಮನ್‌ಗೆ ಲಿಪ್ಯಂತರ ಮಾಡುತ್ತಿತ್ತು. ಬಟವಾಡೆಯವರು ಅದನ್ನು ಮತ್ತೆ ತಮ್ಮ ಲಿಪಿಗೆ ಊಹಿಸಿ ತಂದುಕೊಳ್ಳಬೇಕಾಗಿತ್ತು.

ಕೋಡ್‌ನ ಮುಂದೆ ದೇಶದ ಗುರುತನ್ನು ಹಾಕುವ ಹಳೆಯ ಯೂರೋಪಿನ ರೂಢಿಯೂ ಪಟ್ಟಿಯಲ್ಲಿ ಉಳಿದುಕೊಂಡಿತ್ತು. ಜರ್ಮನಿಯ ಕೋಡ್‌ಗಳ ಮುಂದಿನ ಡಿ ಅಕ್ಷರವನ್ನು ತೆಗೆದೆ. ಲಾಟ್ವಿಯಾದ ಎಲ್‌ವಿ ಎಂಬುದನ್ನು ಉಳಿಸಿದೆ, ಏಕೆಂದರೆ ಅಲ್ಲಿ ಅದು ಕೋಡ್‌ನ ಭಾಗವೇ ಆಗಿದೆ.

ದೊಡ್ಡಕ್ಷರಗಳ ವಿಷಯದಲ್ಲಿ ಎಚ್ಚರ ಬೇಕು. ತಂತ್ರಾಂಶವನ್ನು ಬರೆದಿರುವ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ದೊಡ್ಡಕ್ಷರ ಮಾಡುವ ವಿಧಾನಕ್ಕೆ ಭಾಷೆಯ ಅರಿವಿಲ್ಲ. ಟರ್ಕಿಯ ಭಾಷೆಯಲ್ಲಿ ಚುಕ್ಕೆಯಿರುವ ಐ ಮತ್ತು ಚುಕ್ಕೆಯಿಲ್ಲದ ಐ ಎರಡು ಬೇರೆ ಅಕ್ಷರಗಳು. ದೆನಿಜ್ಲಿ ಎಂಬ ಊರಿನ ಹೆಸರು ದೊಡ್ಡಕ್ಷರಕ್ಕೆ ಬಂದಾಗ ಚುಕ್ಕೆಗಳು ಉಳಿಯಬೇಕು, ಸಾಮಾನ್ಯ ವಿಧಾನದಲ್ಲಿ ಅವು ಮಾಯವಾಗುತ್ತವೆ. ಜರ್ಮನ್ ಭಾಷೆಯ ಎಸ್‌ಸೆಟ್ ಎಂಬ ಒಂದು ಅಕ್ಷರವು ದೊಡ್ಡಕ್ಷರದಲ್ಲಿ ಎರಡು ಎಸ್ ಆಗಿ ಸಾಲು ಉದ್ದವಾಗುತ್ತದೆ. ಫ್ರಾನ್ಸ್‌ನ ಮಾನದಂಡದಲ್ಲಿ ಸಾಲಿಗೆ 38 ಅಕ್ಷರಗಳ, ಒಟ್ಟು ಆರು ಸಾಲುಗಳ ಮಿತಿ ಇದೆ. ಇಂಥ ಮಿತಿಗಳಿರುವ ಕಡೆ ದೊಡ್ಡಕ್ಷರ ಮಾಡಿದ ಬಳಿಕವೇ ಉದ್ದವನ್ನು ಎಣಿಸಬೇಕು. ದೇಶದ ನಿಯಮವು ಕೇಳಿದ ಭಾಗಗಳನ್ನು ಮಾತ್ರ ದೊಡ್ಡಕ್ಷರಕ್ಕೆ ತರುವಂತೆ ಮಾಡಿ ಉಳಿದವನ್ನು ಬರೆದಂತೆಯೇ ಬಿಟ್ಟಿದ್ದೇನೆ.

ಪರೀಕ್ಷೆ

ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಒಂದೇ ಅಕ್ಷರಕ್ಕೆ ಹಲವು ರೂಪಗಳಿರಬಹುದು; ಪರೀಕ್ಷೆಗೆ ಮೊದಲು ಅವನ್ನು ಸಮಗೊಳಿಸಬೇಕು. ಜಪಾನಿನಿಂದ ಬಂದ ವಿಳಾಸಗಳಲ್ಲಿ ಅಂಕಿಗಳು ಪೂರ್ಣ ಅಗಲದ ರೂಪದಲ್ಲಿರುತ್ತವೆ; ಎನ್‌ಎಫ್‌ಕೆಸಿ ಎಂಬ ಸಾಮಾನ್ಯೀಕರಣ ಅವನ್ನು ಎಂದಿನ ಅಂಕಿಗಳಾಗಿಸುತ್ತದೆ. ಅದನ್ನೇ ಇಡೀ ವಿಳಾಸಕ್ಕೆ ಅನ್ವಯಿಸುವುದು ಅಪಾಯಕರ. ಅಮೆರಿಕದಲ್ಲಿ 12½ ಎಂಬಂಥ ಮನೆ ಸಂಖ್ಯೆಗಳಿವೆ. ಎನ್‌ಎಫ್‌ಕೆಸಿ ಆ ಅರ್ಧದ ಚಿಹ್ನೆಯನ್ನು ಒಂದು, ಓರೆಗೆರೆ, ಎರಡು ಎಂದು ಬಿಡಿಸುವುದರಿಂದ ಹನ್ನೆರಡೂವರೆ ಇದ್ದದ್ದು 121⁄2 ಎಂದು ಕಾಣಿಸುತ್ತದೆ. ಸ್ಪೇನಿನ ವಿಳಾಸಗಳಲ್ಲಿ ಮಹಡಿಯನ್ನು ಸೂಚಿಸುವ ಮೇಲ್ಬರಹದ ಚಿಕ್ಕ ಸೊನ್ನೆಯಂಥ ಗುರುತು ಸಾಮಾನ್ಯ ಅಕ್ಷರವಾಗಿಬಿಡುತ್ತದೆ. ಹಾಗಾಗಿ ಅಂಚೆ ಕೋಡ್‌ಗೆ ಮಾತ್ರ ಎನ್‌ಎಫ್‌ಕೆಸಿ, ಉಳಿದೆಲ್ಲ ಕಾಲಂಗಳಿಗೆ ಎನ್‌ಎಫ್‌ಸಿ ಎಂಬ ಮೃದುವಾದ ರೂಪ.

ಪಠ್ಯದ ರೂಪವನ್ನು ಪರೀಕ್ಷಿಸುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಸೂತ್ರಗಳಲ್ಲಿ ಅಂಕಿಗಾಗಿ ಬಳಸುವ ಸಂಕ್ಷಿಪ್ತ ಗುರುತು ಪೈಥಾನ್‌ನಲ್ಲಿ ಎಲ್ಲ ಲಿಪಿಗಳ ಅಂಕಿಗಳನ್ನೂ ಒಪ್ಪುತ್ತದೆ. ಕನ್ನಡ ಅಂಕಿಗಳಲ್ಲಿ ಬರೆದ ಕೋಡ್ ಕೂಡ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಹಾಗೆಯೇ ಲೇಬಲ್‌ಗೆ ಹೋಗುತ್ತದೆ. ಎನ್‌ಎಫ್‌ಕೆಸಿ ಇವನ್ನು ಮಾರ್ಪಡಿಸುವುದಿಲ್ಲ. ಯೂನಿಕೋಡ್ ಕೋಷ್ಟಕದಲ್ಲಿ ಪ್ರತಿ ಅಂಕಿಯ ಬೆಲೆ ನೋಡಿ ಪರಿವರ್ತಿಸುವ ಸಣ್ಣ ವಿಧಾನವೊಂದನ್ನು ಬರೆದು, ಅದರ ನಂತರ 0ಯಿಂದ 9ರವರೆಗಿನ ಅಂಕಿಗಳನ್ನು ಮಾತ್ರ ಒಪ್ಪುವಂತೆ ಬಿಗಿಗೊಳಿಸಿದೆ.

ಮೊದಲ ಮಟ್ಟದ ಪರೀಕ್ಷೆ ಕೋಡ್‌ನ ರೂಪದ್ದು. ನೆದರ್‌ಲ್ಯಾಂಡ್ಸ್‌ನಲ್ಲಿ ನಾಲ್ಕು ಅಂಕಿ ಮತ್ತು ಎರಡು ಅಕ್ಷರಗಳಿದ್ದು, ಮೊದಲ ಅಂಕಿ ಸೊನ್ನೆಯಾಗುವುದಿಲ್ಲ, ಎಸ್‌ಎ, ಎಸ್‌ಡಿ, ಎಸ್‌ಎಸ್ ಎಂಬ ಜೋಡಿಗಳು ಬಳಕೆಯಲ್ಲಿಲ್ಲ. ಕೆನಡಾದ ಕೋಡ್‌ಗಳಲ್ಲಿ ಡಿ, ಎಫ್, ಐ, ಒ, ಕ್ಯೂ, ಯು ಅಕ್ಷರಗಳಿಲ್ಲ; ಆದ್ದರಿಂದ ಅಕ್ಷರ ಒ ಕಂಡರೆ ಅದು ಸೊನ್ನೆಯೇ ಆಗಿರಬೇಕೆಂದು ಸೂಚಿಸಬಹುದು. ಬ್ರಿಟನ್ನಿನ ಕೋಡ್‌ನ ಎರಡನೆಯ ಭಾಗವು ಯಾವಾಗಲೂ ಒಂದು ಅಂಕಿ ಮತ್ತು ಎರಡು ಅಕ್ಷರಗಳದ್ದು, ಹೀಗಾಗಿ ನಡುವಿನ ಖಾಲಿ ಜಾಗ ಬಿಟ್ಟುಹೋಗಿದ್ದರೆ ಕೊನೆಯ ಮೂರನ್ನು ಬೇರ್ಪಡಿಸಿ ಅದನ್ನು ಮರಳಿ ಸೇರಿಸಬಹುದು.

ಎರಡನೆಯದು ಹೊಂದಾಣಿಕೆಯ ಪರೀಕ್ಷೆ. ಸ್ಪೇನಿನ ಕೋಡ್‌ನ ಮೊದಲ ಎರಡು ಅಂಕಿಗಳು ಪ್ರಾಂತ್ಯವನ್ನು ಸೂಚಿಸುತ್ತವೆ, 01ರಿಂದ 52ರವರೆಗೆ. 60 ಎಂದಿದ್ದರೆ ತಪ್ಪು ಖಚಿತ. ಕೆನಡಾದ ಮೊದಲ ಅಕ್ಷರ ಪ್ರಾಂತ್ಯವನ್ನು ಹೇಳುತ್ತದೆ, ಆದರೆ ಎಕ್ಸ್ ಅಕ್ಷರವನ್ನು ನುನಾವುಟ್ ಮತ್ತು ವಾಯವ್ಯ ಪ್ರದೇಶಗಳು ಹಂಚಿಕೊಂಡಿವೆ. ಮೊನಾಕೊ ಫ್ರಾನ್ಸ್‌ನ ಕೋಡ್ ವ್ಯವಸ್ಥೆಯಲ್ಲಿದೆ, ಲಿಕ್ಟೆನ್‌ಸ್ಟೈನ್ ಸ್ವಿಟ್ಜರ್ಲೆಂಡಿನದರಲ್ಲಿ, ಸ್ಯಾನ್ ಮರೀನೊ ಇಟಲಿಯದರಲ್ಲಿ. ಇವನ್ನು ಬೇರೆ ದೇಶದ ಕೋಡ್ ಎಂದು ತಳ್ಳಿಹಾಕಬಾರದು.

ಮೂರನೆಯದು ಆ ವಿಳಾಸ ನಿಜವಾಗಿ ಇದೆಯೇ ಎಂಬುದು. ಇದಕ್ಕೆ ಆಯಾ ದೇಶದ ಅಂಚೆಯ ಮೂಲ ಕಡತ ಬೇಕು, ಉದಾಹರಣೆಗೆ ಬ್ರಿಟನ್ನಿನ ಪಿಎಎಫ್ ಎಂಬ ವಿಳಾಸ ಕಡತ. ಬಹುತೇಕ ಕಡೆ ಅದಕ್ಕೆ ಪರವಾನಗಿ ಪಡೆಯಬೇಕಾಗುತ್ತದೆ. ಕಡತವಿಲ್ಲದ ದೇಶಗಳ ವಿಳಾಸಗಳಿಗೆ ‘ಪರೀಕ್ಷಿಸಿಲ್ಲ’ ಎಂಬ ಗುರುತು ಬೀಳುತ್ತದೆ, ‘ಸರಿಯಿದೆ’ ಎಂದು ಬೀಳುವುದಿಲ್ಲ. ಹಳೆಯ ತಂತ್ರಾಂಶವು ಈ ಎರಡನ್ನೂ ಒಂದೇ ಹಸಿರು ಗುರುತಿನಲ್ಲಿ ತೋರಿಸುತ್ತಿತ್ತು, ಪಟ್ಟಿ ನೋಡುವವರು ಅದನ್ನು ನಂಬುತ್ತಿದ್ದರು. 2015ರಲ್ಲಿ ಐರ್ಲೆಂಡ್‌ನಲ್ಲಿ ಜಾರಿಗೆ ಬಂದ ಏರ್‌ಕೋಡ್ ಎಂಬ ಅಂಚೆ ಕೋಡ್ ಒಂದೊಂದು ವಿಳಾಸಕ್ಕೂ ಪ್ರತ್ಯೇಕವಾಗಿದ್ದು, ಅಕ್ಕಪಕ್ಕದ ಮನೆಗಳ ಕೋಡ್‌ಗಳಲ್ಲಿ ಅನುಕ್ರಮವಿಲ್ಲ. ಅಲ್ಲಿ ಒಂದಕ್ಷರ ತಪ್ಪಿದರೆ ರೂಪದ ಪರೀಕ್ಷೆಗೆ ತಿಳಿಯುವುದೇ ಇಲ್ಲ. ಅಂಥ ದೇಶಗಳಲ್ಲಿ ಕೋಡ್ ಇದ್ದರೂ ಪೂರ್ತಿ ವಿಳಾಸವನ್ನು ಕೇಳಿ ಪಡೆಯಬೇಕೆಂಬುದು ನನ್ನ ನಿಲುವು.

ಇಷ್ಟೆಲ್ಲ ಪರೀಕ್ಷೆಗಳಲ್ಲಿ ವಿಳಾಸವನ್ನು ನಿರಾಕರಿಸುವ ಸಂದರ್ಭಗಳು ಮೂರೇ: ದೇಶವಿಲ್ಲದಿರುವುದು, ಹೆಸರಿನ ಹೊರತು ಬೇರೆ ಸಾಲೇ ಇಲ್ಲದಿರುವುದು, ಮುದ್ರಕದ ಫಾಂಟ್‌ನಲ್ಲಿ ಇಲ್ಲದ ಅಕ್ಷರ ಇರುವುದು. ಮೂರನೆಯದನ್ನು ಸೇರಿಸಿದ್ದಕ್ಕೆ ಕಾರಣವಿದೆ. ಅಕ್ಷರದ ಬದಲು ಖಾಲಿ ಚೌಕ ಅಚ್ಚಾದ ಲೇಬಲ್ ಪರದೆಯಲ್ಲಿ ಸರಿಯಾಗಿಯೇ ಕಾಣುತ್ತದೆ, ಲಕೋಟೆ ಹೊರಟುಹೋದ ಮೇಲೆ ಯಾರೂ ಏನೂ ಮಾಡುವಂತಿಲ್ಲ. ಉಳಿದೆಲ್ಲ ಕಡೆ ಎಚ್ಚರಿಕೆ ಮಾತ್ರ ಬರುತ್ತದೆ, ಬರೆದವರು ‘ಹೌದು, ಹೀಗೆಯೇ’ ಎಂದರೆ ಹಾಗೆಯೇ ಸ್ವೀಕಾರವಾಗುತ್ತದೆ. ಕಡ್ಡಾಯದ ಕಾಲಂಗಳು ಜನರನ್ನು ಸುಳ್ಳು ಬರೆಯಲು ದೂಡುತ್ತವೆ: ಹಾಂಗ್‌ಕಾಂಗ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ನ ವಿಳಾಸಗಳಿಗೆ ಅಂಚೆ ಕೋಡ್ ಇಲ್ಲ, ಆದರೆ ಪಟ್ಟಿಯಲ್ಲಿ ಅಲ್ಲಿನವರೆಲ್ಲ ಸಾಲು ಸೊನ್ನೆಗಳನ್ನು ತುಂಬಿದ್ದರು. ಆ ದೇಶಗಳನ್ನು ಆರಿಸಿದಾಗ ಈಗ ಕೋಡ್‌ನ ಕಾಲಂ ಕಾಣಿಸುವುದೇ ಇಲ್ಲ. ಎಮಿರೇಟ್ಸ್‌ಗೆ ಅದರ ಜಾಗದಲ್ಲಿ ಅಂಚೆ ಪೆಟ್ಟಿಗೆಯ ಸಂಖ್ಯೆಯನ್ನು ಕೇಳಲಾಗುತ್ತದೆ.

ಲಕೋಟೆಯ ಮೇಲೆ

ವಿಶ್ವ ಅಂಚೆ ಒಕ್ಕೂಟದ ನಿಯಮಗಳ ಪ್ರಕಾರ ವಿಳಾಸದ ಜಾಗವು ಲಕೋಟೆಯ ಮೇಲಂಚಿನಿಂದ ಕನಿಷ್ಠ 40 ಮಿಲಿಮೀಟರ್, ಬಲ ಮತ್ತು ಕೆಳ ಅಂಚುಗಳಿಂದ ಕನಿಷ್ಠ 15 ಮಿಲಿಮೀಟರ್ ಒಳಗಿರಬೇಕು, ಬಲ ಅಂಚಿನಿಂದ 140 ಮಿಲಿಮೀಟರ್ ದಾಟಬಾರದು. ಹಳೆಯ ವಿನ್ಯಾಸದಲ್ಲಿ ಸಾಲುಗಳು ನಡುವಿಗೆ ಹೊಂದಿಕೊಂಡಿದ್ದು, ದೇಶದ ಹೆಸರಿನ ಕೆಳಗೆ ಅಡ್ಡಗೆರೆ ಇತ್ತು. ಎಲ್ಲ ಸಾಲುಗಳನ್ನೂ ಎಡಕ್ಕೆ ಹೊಂದಿಸಿ, ಗೆರೆ ಮತ್ತು ಓರೆ ಅಕ್ಷರಗಳನ್ನು ತೆಗೆದು, ಚಂದಾ ಸಂಖ್ಯೆಯನ್ನು ವಿಳಾಸದ ಮೇಲಿನ ಸಾಲಿಗೆ ಸರಿಸಿದೆ. ಕೋಡ್‌ನ ಪಕ್ಕದಲ್ಲಿ ಬೇರೊಂದು ಸಂಖ್ಯೆ ಇದ್ದರೆ ಓದುವ ಯಂತ್ರಗಳಿಗೆ ಗೊಂದಲವಾಗುತ್ತದೆ.

ಒಂದೇ ಕಾಲಂನಲ್ಲಿ ಉದ್ದಕ್ಕೆ ಬರೆದಿಟ್ಟಿದ್ದ ತೀರಾ ಹಳೆಯ ವಿಳಾಸಗಳನ್ನು ಲಿಬ್‌ಪೋಸ್ಟಲ್ ಎಂಬ ಮುಕ್ತ ತಂತ್ರಾಂಶದಿಂದ ಬಿಡಿಸಿ ನೋಡಿದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ದತ್ತಾಂಶದಿಂದ ಕಲಿತ ಅದು ಸಂಖ್ಯಾಶಾಸ್ತ್ರೀಯ ಊಹೆಯನ್ನು ಕೊಡುತ್ತದೆ. ಅದರ ಫಲಿತಾಂಶವನ್ನು ಸಲಹೆಯ ಕಾಲಂನಲ್ಲಿ ಇಟ್ಟಿದ್ದೇನೆ. ಚಂದಾದಾರರು ಒಪ್ಪುವವರೆಗೆ ಅಂಥ ವಿಳಾಸಗಳು ಮೂಲ ಸಾಲುಗಳಲ್ಲಿಯೇ ಅಚ್ಚಾಗುತ್ತವೆ.

ಕೊನೆಯದಾಗಿ ಜೋಡಿಸಿದ್ದು ಮರಳಿ ಬಂದ ಲಕೋಟೆಗಳ ನಮೂದನ್ನು. ಅವುಗಳ ಮೇಲೆ ಅಂಟಿಸುವ ಸಿಎನ್ 15 ಎಂಬ ಲೇಬಲ್‌ನಲ್ಲಿ ಹಿಂದಿರುಗಿಸಿದ ಕಾರಣಕ್ಕೆ ಗುರುತು ಹಾಕಿರುತ್ತಾರೆ. ಆ ಕಾರಣ ಈಗ ನೇರವಾಗಿ ದಾಖಲೆಗೆ ಸೇರುತ್ತದೆ: ವಾಸ ಬದಲಿಸಿದ್ದಾರೆಂದು ಬಂದರೆ ಚಂದಾದಾರರಿಗೆ ಪತ್ರ ಹೋಗುತ್ತದೆ, ವ್ಯಕ್ತಿ ಅಥವಾ ವಿಳಾಸ ತಿಳಿಯದೆಂದು ಬಂದರೆ ಮೊದಲು ಮೂಲಪಾಠವನ್ನೂ ಅಚ್ಚಾದ ರೂಪವನ್ನೂ ಪಕ್ಕಪಕ್ಕದಲ್ಲಿ ತೋರಿಸುವ ಪುಟ ತೆರೆದುಕೊಳ್ಳುತ್ತದೆ. ವ್ಯತ್ಯಾಸವು ಟೆಂಪ್ಲೇಟಿನದಾಗಿದ್ದರೆ, ಅದೇ ದೇಶದ ಉಳಿದೆಲ್ಲ ವಿಳಾಸಗಳಿಗೂ ಮರುಪರೀಕ್ಷೆಯ ಗುರುತು ಬಿದ್ದು, ಮುಂದಿನ ಸಂಚಿಕೆಯ ಲೇಬಲ್‌ಗಳು ಅಚ್ಚಾಗುವ ಮೊದಲು ಆ ಪಟ್ಟಿ ಪರಿಶೀಲನೆಗೆ ಬರುತ್ತದೆ.